ಡೆಸ್ಟಿನ್ ಕಡಲಲ್ಲಿ ಇಡೀ ದಿನ ಗಾಳ: ಹೊರಡುವ ಮುಂಚೆ ಇಷ್ಟು ನೋಡಿಕೊಳ್ಳಿ

ಅಟ್ಲಾಂಟಾ ಕಡೆ ಇರುವ ಕನ್ನಡದವರಿಗೆ ಬೇಸಿಗೆ ರಜೆ ಅಂದರೆ ಮೊದಲು ನೆನಪಾಗುವ ಊರುಗಳಲ್ಲಿ ಫ್ಲೋರಿಡಾದ ಡೆಸ್ಟಿನ್ ಒಂದು. ಕಾರಿನಲ್ಲಿ ಐದೂವರೆ, ಆರು ಗಂಟೆ ದಾರಿ. ಬಿಳಿ ಮರಳು, ಹಸಿರು ನೀರು. ಎರಡು ದಿನ ಮಕ್ಕಳನ್ನು ಅಲೆಯಲ್ಲಿ ಆಡಿಸಿ, ಮೂರನೇ ದಿನ ಏನು ಮಾಡುವುದು ಅಂತ ಕೂತಾಗ ಗುಂಪಿನಲ್ಲಿ ಒಬ್ಬ ಹೇಳುತ್ತಾನೆ, "ಬೋಟ್ ಮಾಡ್ಕೊಂಡು ಮೀನು ಹಿಡಿಯೋಕೆ ಹೋಗೋಣ್ವಾ?" ಅವತ್ತು ಹೇಳಿ ಅವತ್ತೇ ಹೊರಟರೆ ಕೆಡುತ್ತದೆ. ಇದು ಒಂದೆರಡು ತಿಂಗಳು ಮುಂಚೆಯೇ ಶುರು ಮಾಡಬೇಕಾದ ಕೆಲಸ.

ನಾನು ಮೂರು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ, ಮಲ್ಪೆ ಕಡೆಯವನು, ಸಮುದ್ರ ನೋಡಿಕೊಂಡೇ ಬೆಳೆದವನು ಅಂತ ದಾರಿಯುದ್ದಕ್ಕೂ ಕೊಚ್ಚಿಕೊಂಡು ಬೋಟು ಹತ್ತಿದವನು ನಾನು, ದಡ ಬಿಟ್ಟು ಎರಡು ಗಂಟೆಯೊಳಗೆ ಎಲ್ಲರಿಗಿಂತ ಮೊದಲು ವಾಂತಿ ಮಾಡಿದವನೂ ನಾನೇ. ಕೆರೆ, ಕಾಲುವೆ ಬಿಟ್ಟು ಬೇರೆ ನೀರು ನೋಡದ ಮಂಡ್ಯದ ಗೆಳೆಯ ಪಕ್ಕದಲ್ಲಿ ನಿಂತು ಚಿಪ್ಸ್ ತಿನ್ನುತ್ತಾ ನನ್ನ ಬೆನ್ನು ಸವರುತ್ತಿದ್ದ. ಆಮೇಲೆ ಗೊತ್ತಾಯಿತು, ಗಾಳ ಹಾಕುವುದನ್ನು ಬೋಟಿನ ಹುಡುಗ ಹತ್ತು ನಿಮಿಷದಲ್ಲಿ ಕಲಿಸಿಬಿಡುತ್ತಾನೆ. ದಿನ ಕೆಡುವುದು ನಾವು ದಡದಲ್ಲಿ ಯೋಚನೆ ಮಾಡದೆ ಬಿಟ್ಟ ಸಣ್ಣಪುಟ್ಟ ವಿಷಯಗಳಿಂದ. ಹಾಗಾಗಿ ಅವುಗಳೇ ಇಲ್ಲಿ ಜಾಸ್ತಿ ಇವೆ.

ಮೊದಲು ಬೋಟು. ಎರಡು ತರಹ ಇವೆ. ದೊಡ್ಡ ಪಾರ್ಟಿ ಬೋಟಿನಲ್ಲಿ ತಲೆಗೆ ಇಷ್ಟು ಅಂತ ಟಿಕೆಟ್, ಹತ್ತಾರು ಜನ ಸಾಲಾಗಿ ಕಟಕಟೆಗೆ ಒರಗಿ ನಿಂತು ಗಾಳ ಹಾಕುತ್ತಾರೆ, ಪಕ್ಕದವನ ದಾರಕ್ಕೆ ನಮ್ಮ ದಾರ ಸಿಕ್ಕಿಕೊಳ್ಳುವುದು ಮಾಮೂಲು. ಗೆಳೆಯರಷ್ಟೇ ಹೋಗಬೇಕು ಅಂದರೆ ಪ್ರೈವೇಟ್ ಚಾರ್ಟರ್, ಅಂದರೆ ಇಡೀ ಬೋಟನ್ನೇ ಬಾಡಿಗೆಗೆ ತಗೊಳ್ಳಿ. ಇಂಥ ಚಿಕ್ಕ ಬೋಟಿನ ಬಹಳಷ್ಟು ಕ್ಯಾಪ್ಟನ್‌ಗಳ ಲೈಸೆನ್ಸಿನಲ್ಲಿ ಆರು ಜನಕ್ಕಿಂತ ಹೆಚ್ಚು ಹತ್ತಿಸುವಂತಿಲ್ಲ. ಏಳನೆಯವನು "ನಾನು ಗಾಳ ಹಾಕಲ್ಲ, ಸುಮ್ನೆ ಕೂತಿರ್ತೀನಿ" ಅಂದರೂ ಲೆಕ್ಕಕ್ಕೆ ಬರುತ್ತಾನೆ, ಮಗುವೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ವಾಟ್ಸಾಪಿನಲ್ಲಿ ಹನ್ನೊಂದು ಜನ ಹೆಬ್ಬೆರಳು ಎತ್ತಿದರು ಅಂತ ಖುಷಿಪಡಬೇಡಿ. ಅಡ್ವಾನ್ಸ್ ದುಡ್ಡು ಕೇಳಿ. ಕೊಟ್ಟವರಷ್ಟೇ ಬರುವವರು.

ಎಷ್ಟು ಗಂಟೆಯ ಟ್ರಿಪ್ಪು? ನಾಲ್ಕು ಗಂಟೆಯದೂ ಸಿಗುತ್ತದೆ, ಹನ್ನೆರಡರದೂ ಸಿಗುತ್ತದೆ. ತಳದ ಮೀನು ಹಿಡಿಯಲು ದೂರ ಹೋಗಬೇಕು ಅಂದರೆ ಎಂಟು ಗಂಟೆಗೆ ಕಡಿಮೆ ತಗೊಳ್ಳಬೇಡಿ, ಯಾಕೆಂದರೆ ಹೋಗಿ ಬರುವುದಕ್ಕೇ ಎರಡು ಮೂರು ಗಂಟೆ ಹೋಗುತ್ತದೆ. ಕ್ಯಾಪ್ಟನ್‌ಗೆ ಫೋನ್ ಮಾಡಿದಾಗ ಇದನ್ನೇ ಮೊದಲು ಕೇಳಿ: ಗಾಳ ನೀರಿನಲ್ಲಿ ಇರುವುದು ಎಷ್ಟು ಹೊತ್ತು? ಆಮೇಲೆ ಡೀಸೆಲ್ ಖರ್ಚು ಸೇರಿದೆಯಾ, ಮೀನು ಕೊಯ್ದು ಕೊಡುವುದಕ್ಕೆ ಬೇರೆ ದುಡ್ಡಾ, ಹವಾಮಾನ ಕೆಟ್ಟು ಅವರೇ ರದ್ದು ಮಾಡಿದರೆ ಅಡ್ವಾನ್ಸ್ ವಾಪಸ್ಸಾ. ಗಾಳ, ರಾಡು, ದಾರ ಸುತ್ತುವ ರೀಲು, ಕೊಕ್ಕೆಗೆ ಚುಚ್ಚುವ ಬೇಟ್, ಐಸು ಎಲ್ಲ ಸಾಮಾನ್ಯವಾಗಿ ಅವರದ್ದೇ. ಫ್ಲೋರಿಡಾದಲ್ಲಿ ಚಾರ್ಟರಿನ ಮೀನು ಹಿಡಿಯುವ ಲೈಸೆನ್ಸೇ ಹತ್ತಿದವರಿಗೆಲ್ಲ ಆಗುತ್ತದೆ, ನೀವು ಬೇರೆ ಮಾಡಿಸಬೇಕಿಲ್ಲ. ಟೆಕ್ಸಾಸ್‌ನಲ್ಲಿ ಹಾಗಲ್ಲ, ಅಲ್ಲಿ ಗಾಳ ಹಾಕುವ ದೊಡ್ಡವರು ಪ್ರತಿಯೊಬ್ಬರೂ ಮಾಡಿಸಬೇಕು. ಗ್ಯಾಲ್ವಸ್ಟನ್‌ಗೆ ಹೋಗುವ ಹ್ಯೂಸ್ಟನ್ನಿನವರು ಇದನ್ನು ಮರೆಯಬೇಡಿ.

ಯಾವಾಗ ಹೋಗಬೇಕು ಅನ್ನುವುದಕ್ಕೆ ರೆಡ್ ಸ್ನ್ಯಾಪರ್ ಅನ್ನುವ ಕೆಂಪು ಮೀನನ್ನು ಹಿಡಿಯಲು ಬಿಡುವ ಕಾಲವೇ ಅಳತೆಗೋಲು. ಗಲ್ಫ್‌ನ (ಡೆಸ್ಟಿನ್ ಮುಂದಿರುವ ಮೆಕ್ಸಿಕೋ ಕೊಲ್ಲಿ) ಫೆಡರಲ್ ನೀರಿನಲ್ಲಿ, ಅಂದರೆ ದಡದಿಂದ ದೂರ ಕೇಂದ್ರ ಸರ್ಕಾರದ ನಿಯಮ ನಡೆಯುವ ಕಡೆ, ಚಾರ್ಟರ್ ಬೋಟುಗಳಿಗೆ ಅದು ಜೂನ್ 1ಕ್ಕೆ ತೆರೆಯುತ್ತದೆ, ಮುಚ್ಚುವ ದಿನ ಮಾತ್ರ ವರ್ಷ ವರ್ಷ ಬದಲಾಗುತ್ತದೆ. ತಲೆಗೆ ಎರಡೇ ಮೀನು, 16 ಇಂಚಿಗಿಂತ ಚಿಕ್ಕದಿರಬಾರದು. ಆರು ಜನ ಅಂದರೆ ಹನ್ನೆರಡು ಸ್ನ್ಯಾಪರ್, ಅಷ್ಟೇ. ಕ್ಯಾಪ್ಟನ್‌ದು, ಹುಡುಗನದು ಪಾಲು ಅಂತ ಸೇರಿಸುವ ಹಾಗಿಲ್ಲ. ಟ್ರಿಗರ್ ಮೀನನ್ನು ಜೂನ್, ಜುಲೈನಲ್ಲಿ ಇಟ್ಟುಕೊಳ್ಳುವಂತಿಲ್ಲ. ಗ್ರೂಪರ್‌ಗೆ, ಅಂದರೆ ದುಬೈಯಲ್ಲಿ ಇದ್ದು ಬಂದವರು ಹಮೂರ್ ಅನ್ನುವ ಜಾತಿಗೆ, ಒಂದೊಂದಕ್ಕೆ ಒಂದೊಂದು ನಿಯಮ. ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳಬೇಕಿಲ್ಲ, ನೀವು ಹೋಗುವ ತಾರೀಕಿಗೆ ಯಾವ ಮೀನು ಮನೆಗೆ ತರಬಹುದು ಅಂತ ಕ್ಯಾಪ್ಟನ್‌ನ್ನೇ ಕೇಳಿ.

ಒಂದು ದೊಡ್ಡ ಮೋಸ ಗಡಿಯಾರದ್ದು. ಅಟ್ಲಾಂಟಾದವರದು ಈಸ್ಟರ್ನ್ ಸಮಯ, ಡೆಸ್ಟಿನ್‌ನದು ಸೆಂಟ್ರಲ್. ಫ್ಲೋರಿಡಾ ತಾನೇ, ಒಂದೇ ಸಮಯ ಇರುತ್ತೆ ಅಂದುಕೊಳ್ಳುತ್ತೇವೆ. ಫೋನು ತಾನೇ ಸರಿಮಾಡಿಕೊಳ್ಳುತ್ತದೆ, ಆದರೆ ನಮ್ಮಲ್ಲೊಬ್ಬ ಕೈಗಡಿಯಾರ ನೋಡಿ ಎಲ್ಲರನ್ನೂ ಬೆಳಗಿನ ಜಾವ ಒಂದು ಗಂಟೆ ಮುಂಚೆ ಎಬ್ಬಿಸಿ, ಕತ್ತಲಲ್ಲಿ ಬಂದರಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ್ದ. ಬೇಗ ಹೋಗುವುದೇನೋ ವಾಸಿ ಬಿಡಿ. ಜೂನ್‌ನಲ್ಲಿ ಆ ಬಂದರಿನ ಹತ್ತಿರ ಪಾರ್ಕಿಂಗ್ ಸಿಗುವುದು ಕಷ್ಟ.

ಈಗ ಹೊಟ್ಟೆಯ ವಿಷಯ. ಇದನ್ನು ಮಾತ್ರ ಎರಡು ಸಲ ಓದಿ.

ಬೋಟು ಓಡುವಾಗ ಯಾರಿಗೂ ಏನೂ ಆಗುವುದಿಲ್ಲ. ಗಾಳಿ ಮುಖಕ್ಕೆ ಹೊಡೆಯುತ್ತಿರುತ್ತದೆ, ಎಲ್ಲರೂ ಸೆಲ್ಫಿ ತೆಗೆಯುತ್ತಿರುತ್ತಾರೆ. ಜಾಗಕ್ಕೆ ಬಂದು ಬೋಟು ನಿಂತು ಅಲೆಯ ಮೇಲೆ ಹೊಯ್ದಾಡಲು ಶುರುವಾದ ಮೇಲೆ, ಡೀಸೆಲ್ ಹೊಗೆಯೂ ಬೇಟಿನ ವಾಸನೆಯೂ ಸೇರಿ ಮೂಗಿಗೆ ಬಂದಾಗ, ಒಬ್ಬೊಬ್ಬರೇ ಮಾತು ನಿಲ್ಲಿಸುತ್ತಾರೆ. ಆಗ ಮಾತ್ರೆ ನುಂಗಿದರೆ ಪ್ರಯೋಜನವಿಲ್ಲ. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಮೆಕ್ಲಿಜಿನ್ ಮಾತ್ರೆಯನ್ನು ಹಿಂದಿನ ರಾತ್ರಿ ಒಂದು, ಬೆಳಿಗ್ಗೆ ಹೊರಡುವುದಕ್ಕೆ ಒಂದು ಗಂಟೆ ಮುಂಚೆ ಒಂದು ತಗೊಂಡಾಗ ನನಗೆ ಸರಿಹೋಯಿತು. ನಿದ್ದೆ ಸ್ವಲ್ಪ ಎಳೆಯುತ್ತದೆ. ಬಿಪಿ, ಕಣ್ಣಿನ ಒತ್ತಡ, ಇನ್ಯಾವುದಾದರೂ ಮಾತ್ರೆ ನಡೆಯುತ್ತಿದ್ದರೆ ಡಾಕ್ಟರನ್ನು ಕೇಳಿಕೊಳ್ಳಿ. ಹಿಂದಿನ ರಾತ್ರಿ ಬಿಯರ್ ಬೇಡ. ಹೇಳಿದರೆ ಯಾರೂ ಕೇಳುವುದಿಲ್ಲ, ಆದರೂ ಬೇಡ. ಖಾಲಿ ಹೊಟ್ಟೆಯಲ್ಲೂ ಹತ್ತಬೇಡಿ, ಎರಡು ಇಡ್ಲಿಯೋ ಬ್ರೆಡ್ಡೋ ತಿನ್ನಿ.

ತಲೆ ಸುತ್ತುವ ಹಾಗಾದರೆ ಕ್ಯಾಬಿನ್ ಒಳಗೆ ಹೋಗಿ ಮಲಗಬೇಡಿ, ಫೋನು ನೋಡಬೇಡಿ. ಹೊರಗೆ ಬನ್ನಿ, ಆಕಾಶ ನೀರು ಸೇರುವ ಗೆರೆಯನ್ನೇ ನೋಡುತ್ತಾ ನಿಲ್ಲಿ. ಶುಂಠಿ ಚೂರು ಬಾಯಲ್ಲಿರಲಿ. ವಾಂತಿ ಬಂದೇಬಿಟ್ಟರೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ, ಅದು ಬೆನ್ನಿಗೆ ಬೀಳುವ ಬದಿಗೆ ಹೋಗಿ ಸಮುದ್ರಕ್ಕೇ ಮಾಡಿ, ಟಾಯ್ಲೆಟ್ಟಿಗೆ ಓಡಬೇಡಿ. ಆ ಗೂಡಿನಲ್ಲಿ ಐದು ನಿಮಿಷ ಇದ್ದರೆ ಇನ್ನೂ ಕೆಡುತ್ತದೆ. ನಾಚಿಕೆಯೇನೂ ಬೇಡ, ಬೋಟಿನ ಹುಡುಗ ದಿನಾ ನೋಡುತ್ತಾನೆ.

ಅಲೆಯ ಮುನ್ಸೂಚನೆ ನೋಡುವಾಗ ಎತ್ತರವನ್ನಷ್ಟೇ ನೋಡುವುದು ಸಾಲದು. ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡು ಅಂತಲೂ ಕೊಟ್ಟಿರುತ್ತಾರೆ. ಮೂರು ಅಡಿ ಅಲೆ ಎಂಟು ಸೆಕೆಂಡಿಗೊಂದು ಬಂದರೆ ತೊಟ್ಟಿಲು ತೂಗಿದ ಹಾಗೆ, ಅದೇ ಮೂರು ಅಡಿ ನಾಲ್ಕು ಸೆಕೆಂಡಿಗೊಂದು ಬಂದರೆ ಹೊಂಡ ಬಿದ್ದ ರಸ್ತೆಯಲ್ಲಿ ಆಟೋ.

ಚೀಲದಲ್ಲಿ ಏನಿರಬೇಕು? ಉದ್ದ ತೋಳಿನ ತೆಳು ಶರ್ಟು, ಗದ್ದಕ್ಕೆ ದಾರ ಇರುವ ಟೋಪಿ, ಪೋಲರೈಸ್ಡ್ ಕನ್ನಡಕ, ಬಿಳಿ ಅಡಿಯ ಶೂ. ಕಪ್ಪು ರಬ್ಬರಿನ ಅಡಿ ಡೆಕ್ ಮೇಲೆ ಕಲೆ ಮಾಡುತ್ತದೆ, ಕ್ಯಾಪ್ಟನ್ ಬೈಯುತ್ತಾನೆ. ಸನ್‌ಸ್ಕ್ರೀನ್ ದಡದಲ್ಲೇ ಹಚ್ಚಿಕೊಂಡು ಕೈ ತೊಳೆಯಿರಿ. ನೀರು ಜಾಸ್ತಿ ಇರಲಿ. ಪುಳಿಯೋಗರೆ, ಚಪಾತಿ ರೋಲ್ ತರಹ ಒಂದೇ ಕೈಯಲ್ಲಿ ತಿನ್ನುವಂಥದ್ದು ಒಯ್ಯಿರಿ. ಮೀನು ತರುವ ದೊಡ್ಡ ಕೂಲರ್ ಕಾರಿನಲ್ಲೇ ಇರಲಿ, ಬೋಟಿನಲ್ಲಿ ಜಾಗ ಇಲ್ಲ.

ಬಾಳೆಹಣ್ಣು ಮಾತ್ರ ಬೇಡ. ಬೋಟಿನವರಿಗೆ ಬಾಳೆಹಣ್ಣು ಅಂದರೆ ಅಪಶಕುನ, ಅದು ಹತ್ತಿದರೆ ಮೀನು ಸಿಗುವುದಿಲ್ಲ ಅಂತ ನಂಬಿಕೆ. ನಮ್ಮಲ್ಲಿ ಬೆಕ್ಕು ಅಡ್ಡ ಬಂದ ಹಾಗೆ ಅಲ್ವಾ. ಎರಡನೇ ಸಲ ಗೆಳೆಯನೊಬ್ಬ ಒಂದು ಡಜನ್ ತಂದಿದ್ದ. ಹುಡುಗ ನಗುತ್ತಲೇ ಚೀಲ ಇಸಿದುಕೊಂಡು ಹೋಗಿ ಜೆಟ್ಟಿಯ ಕಂಬದ ಬುಡದಲ್ಲಿ ಇಟ್ಟು ಬಂದ. ಬಾಳೆಕಾಯಿ ಚಿಪ್ಸಿನ ಬಗ್ಗೆ ನಾವು ಬಾಯಿಬಿಡಲಿಲ್ಲ.

ಬಂದರು ದಾಟಿ ಈಸ್ಟ್ ಪಾಸ್ ಅನ್ನುವ ಕಾಲುವೆ ಬಿಟ್ಟರೆ ಗಲ್ಫ್. ಡೆಸ್ಟಿನ್ ಮೀನು ಹಿಡಿಯುವುದಕ್ಕೆ ಹೆಸರಾಗಿದ್ದೇ ಆಳ ಹತ್ತಿರ ಇರುವುದರಿಂದ. ಹತ್ತು ಮೈಲಿಯೊಳಗೆ ನೂರು ಅಡಿ ಆಳ ಸಿಗುತ್ತದೆ. ತಳ ಹೆಚ್ಚಾಗಿ ಮರಳು, ಮೀನು ಕೂಡುವುದು ಅಲ್ಲಲ್ಲಿ ಇರುವ ಬಂಡೆ ಮತ್ತು ಬೇಕೆಂದೇ ಮುಳುಗಿಸಿದ ಹಡಗುಗಳ ಸುತ್ತ. ಇದನ್ನು ಅಲ್ಲಿನ ಕೌಂಟಿಯವರು, ಅಂದರೆ ಜಿಲ್ಲಾಡಳಿತದವರು, ಎಷ್ಟು ಗಂಭೀರವಾಗಿ ತಗೊಳ್ಳುತ್ತಾರೆ ಅಂದರೆ, 990 ಅಡಿ ಉದ್ದದ 'ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್' ಅನ್ನುವ ಹಳೆಯ ಪ್ರಯಾಣಿಕರ ಹಡಗನ್ನು ಮುಳುಗಿಸುವುದಕ್ಕೆಂದೇ 2024ರಲ್ಲಿ ಕೊಂಡರು.

ಜಾಗಕ್ಕೆ ಬಂದ ಮೇಲೆ ಕ್ಯಾಪ್ಟನ್ ಕೂಗುತ್ತಾನೆ, ಆಗ ಬಿಡಿ. ಅದಕ್ಕೆ ಮುಂಚೆ ಅಲ್ಲ. ಕೊಕ್ಕೆಗೆ ಬೊಂಡಾಸಿನ (ಸ್ಕ್ವಿಡ್) ತುಂಡೋ ಚಿಕ್ಕ ಮೀನೋ ಚುಚ್ಚಿರುತ್ತಾರೆ, ಮೇಲೆ ಅರ್ಧ ಪೌಂಡಿನ ಸೀಸ. ರೀಲಿನ ಲಿವರ್ ಬಿಟ್ಟ ತಕ್ಷಣ ದಾರ ಸರಸರ ಇಳಿಯುತ್ತದೆ. ಹೆಬ್ಬೆರಳನ್ನು ರೀಲಿನ ಮೇಲೆ ಮೆತ್ತಗೆ ಇಟ್ಟೇ ಇರಿ, ಇಲ್ಲದಿದ್ದರೆ ಸೀಸ ತಳಕ್ಕೆ ಮುಟ್ಟಿದರೂ ರೀಲು ತಿರುಗುತ್ತಲೇ ಇದ್ದು ದಾರವೆಲ್ಲ ಗುಬ್ಬಿ ಗೂಡಾಗುತ್ತದೆ. ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ, ದಾರ ಒಮ್ಮೆ ಸಡಿಲವಾಗುತ್ತದೆ. ಲಿವರ್ ಹಾಕಿ, ಎರಡು ಮೂರು ಸುತ್ತು ಮೇಲೆತ್ತಿ, ಕಾಯಿರಿ.

ಚಿಕ್ಕ ಮೀನಾದರೆ ಟಕ್ ಟಕ್ ಅಂತ ಕುಟುಕುತ್ತದೆ. ಸ್ನ್ಯಾಪರ್ ಬಂದರೆ ಯಾರೋ ಕೆಳಗಿನಿಂದ ರಾಡನ್ನು ಗುದ್ದಿ ಎಳೆದ ಹಾಗೆ. ಆಗ ನಮ್ಮ ಊರಿನ ಅಭ್ಯಾಸದಲ್ಲಿ ಕೈ ತಾನಾಗಿಯೇ ಜಗ್ಗುತ್ತದೆ, ಅದೇ ತಪ್ಪು. ಇಲ್ಲಿ ಕಡ್ಡಾಯವಾಗಿ ಸರ್ಕಲ್ ಕೊಕ್ಕೆ. ಅದರ ಮೊನೆ ಒಳಕ್ಕೆ ಬಾಗಿರುತ್ತದೆ, ಜಗ್ಗಿದರೆ ಬಾಯಿಂದ ಜಾರಿ ಬರುತ್ತದೆ, ಸುಮ್ಮನೆ ಸುತ್ತುತ್ತಾ ಹೋದರೆ ತಾನೇ ತಿರುಗಿ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ನನ್ನ ಮೊದಲ ನಾಲ್ಕು ಮೀನು ಹೋಗಿದ್ದು ಹೀಗೇ ಜಗ್ಗಿ. ಮೀನು ತಿನ್ನದ, ವಾಸನೆಗೇ ಮೂಗು ಮುಚ್ಚುವ ನಮ್ಮ ತುಮಕೂರಿನ ಸಸ್ಯಾಹಾರಿ ಗೆಳೆಯ ಹುಡುಗ ಹೇಳಿದ್ದನ್ನಷ್ಟೇ ಮಾಡಿ, ಜಗ್ಗದೆ, ಒಂದೇ ಸಮನೆ ಸುತ್ತಿ ಆ ದಿನದ ಅತಿ ದೊಡ್ಡ ಸ್ನ್ಯಾಪರ್ ಎತ್ತಿದ. ನೀರಿನೊಳಗೆ ಮೊದಲು ಬರೀ ಒಂದು ಗುಲಾಬಿ ಬೆಳಕು ಕಾಣಿಸಿತು, ಸುತ್ತಿದ ಹಾಗೆ ಕೆಂಪಾಗುತ್ತಾ ಬಂತು, ಮೇಲೆ ಬಂದಾಗ ಕಣ್ಣೂ ಕೆಂಪು. ಅವನು ಅದನ್ನು ಮುಟ್ಟಲಿಲ್ಲ. ಫೋಟೋಗೆ ನಾನು ಹಿಡಿದುಕೊಂಡು ನಿಂತೆ, ಅವನು ಪಕ್ಕದಲ್ಲಿ ಕೈ ತೋರಿಸಿದ.

ಬಿಡಬೇಕಾದ ಮೀನಿಗೂ ಒಂದು ಕ್ರಮ ಇದೆ. ನೂರು ಅಡಿಗಿಂತ ಆಳದಿಂದ ಎಳೆದಾಗ ಅದರ ಗಾಳಿಚೀಲ ಉಬ್ಬಿ, ಹೊಟ್ಟೆಯ ಚೀಲ ಬಾಯಿಂದ ಹೊರಗೆ ಬಂದಿರುತ್ತದೆ. ಹಾಗೇ ಎಸೆದರೆ ತೇಲಿಕೊಂಡೇ ಇದ್ದು ಸಾಯುತ್ತದೆ, ಇಲ್ಲವೇ ಡಾಲ್ಫಿನ್ ಬಾಯಿಗೆ. ಭಾರ ಕಟ್ಟಿದ ಒಂದು ಕ್ಲಿಪ್ಪನ್ನು ದವಡೆಗೆ ಹಾಕಿ ಆಳಕ್ಕೆ ಇಳಿಸಿ ಬಿಡುತ್ತಾರೆ. ನಿಮ್ಮ ಬೋಟಿನಲ್ಲಿ ಅದು ಇದೆಯಾ ಅಂತ ಕೇಳಿ, ಕೇಳಿದರೆ ತಪ್ಪಿಲ್ಲ.

ವಾಪಸ್ ಬಂದ ಮೇಲೆ ಮೀನನ್ನೆಲ್ಲ ಮೊಳೆ ಹೊಡೆದ ಹಲಗೆಗೆ ನೇತುಹಾಕಿ ಫೋಟೋ ತೆಗೆಸುತ್ತಾರೆ. ಆಮೇಲೆ ಹುಡುಗ ಚಾಕು ಹಿಡಿಯುತ್ತಾನೆ. ಹದಿನೈದರಿಂದ ಇಪ್ಪತ್ತು ಪರ್ಸೆಂಟ್ ಟಿಪ್ಸ್ ಕೊಡುವುದು ರೂಢಿ, ಕ್ಯಾಶ್ ಇಟ್ಟುಕೊಂಡಿರಿ, ಇದನ್ನು ಮೊದಲೇ ತಲೆಗೆ ಹಂಚಿಬಿಡಿ. ಕೊನೆಯಲ್ಲಿ ಬಿಸಿಲಿಗೆ ಬೆಂದು ನಿಂತಾಗ ಲೆಕ್ಕ ಹಾಕಲು ಹೋದರೆ ಸ್ನೇಹ ಹಳಸುತ್ತದೆ.

ಮತ್ತು, ಚಾಕು ಮೀನಿಗೆ ಮುಟ್ಟುವ ಮುಂಚೆ ಹೇಳಿ: ತಲೆ ಬೇಕು, ಮುಳ್ಳು ಬೇಕು. ಇಲ್ಲದಿದ್ದರೆ ಎರಡು ಬದಿಯ ತುಂಡು ಮಾತ್ರ ತೆಗೆದು ಉಳಿದದ್ದನ್ನು ತೊಟ್ಟಿಗೆ ಎಸೆಯುತ್ತಾನೆ. ಮೊದಲ ಸಲ ಹನ್ನೆರಡು ಸ್ನ್ಯಾಪರ್ ತಲೆ ಹಾಗೆ ಹೋಗಿದ್ದು ನೋಡಿ ನನ್ನ ಹೊಟ್ಟೆ ಬೆಳಗ್ಗೆಗಿಂತ ಜಾಸ್ತಿ ಉರಿಯಿತು. ತುಂಡುಗಳಲ್ಲಿ ಅರ್ಧ ಚರ್ಮ ಸಮೇತ ಇರಲಿ.

ಇದು ಬಂಗುಡೆಯ ಹಾಗೆ ಎಣ್ಣೆಯ ಮೀನಲ್ಲ, ಬಿಳಿ ಗಟ್ಟಿ ಮಾಂಸ, ಜಾಸ್ತಿ ಬೇಯಿಸಿದರೆ ಒಣಗುತ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹಣ್ಣು ರುಬ್ಬಿದ ಮಸಾಲೆಯನ್ನು ಮನೆಯಿಂದಲೇ ಡಬ್ಬಿಯಲ್ಲಿ ಒಯ್ಯಿರಿ, ಬಾಡಿಗೆ ಮನೆಯ ಮಿಕ್ಸಿಯನ್ನು ನಂಬಬೇಡಿ. ಸಾರು ಕುದಿ ಬಂದ ಮೇಲೆ ತಲೆ ಹಾಕಿ. ತವಾ ಫ್ರೈ ಮಾಡುವುದಾದರೆ ಎಣ್ಣೆ ಇಡುವ ಮುಂಚೆ ಬಾಲ್ಕನಿ ಬಾಗಿಲು ತೆಗೆದು ಫ್ಯಾನು ಹಾಕಿ. ನಮ್ಮ ಮೊದಲ ತುಂಡು ತವಾ ಮುಟ್ಟಿ ಎರಡು ನಿಮಿಷಕ್ಕೆ ಹೊಗೆ ಅಲಾರಂ ಕೂಗಿಕೊಂಡಿತು, ತುಮಕೂರಿನವನು ಕುರ್ಚಿ ಮೇಲೆ ನಿಂತು ಟವೆಲ್ ಬೀಸುತ್ತಿದ್ದ, ನಾವು ಮೀನು ಮಗುಚುತ್ತಿದ್ದೆವು.