ಮೇಲೆ ಹತ್ತುವ ಮೊದಲು ಅರ್ಧ ಗಂಟೆ

ಏಪ್ರಿಲ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಎಲ್ಲರಿಗೂ ಅವಸರ. ಮಳೆ ಹಿಡಿಯುವುದರೊಳಗೆ ಹೆಂಚು ಕೈಯಾಡಿಸಬೇಕು, ಅಂಗಳಕ್ಕೆ ಶೀಟ್ ಹೊದಿಸಬೇಕು, ಅರ್ಧಕ್ಕೆ ನಿಂತ ತಾರಸಿ ಮುಗಿಸಬೇಕು. ಶಿವಮೊಗ್ಗದ ಹೊಸ ಬಡಾವಣೆಗಳಲ್ಲೂ ಅದೇ ಗಡಿಬಿಡಿ. ಕೆಲಸಗಾರರು ಬೀಳುವುದು ಇಂಥ ದಿನಗಳಲ್ಲೇ.

ಹಲವು ವರ್ಷಗಳಿಂದ ಸೈಟ್ ನೋಡಿಕೊಳ್ಳುತ್ತಿದ್ದೇನೆ. ನಾನು ಕಣ್ಣಾರೆ ಕಂಡ ದೊಡ್ಡ ಪೆಟ್ಟು ನಾಲ್ಕನೇ ಮಹಡಿಯಿಂದ ಬಿದ್ದು ಆಗಿದ್ದಲ್ಲ. ಹತ್ತಡಿ ಎತ್ತರದ ಸಜ್ಜೆಯ ಮೇಲೆ ಪ್ಲಾಸ್ಟರಿಂಗ್ ಮಾಡುತ್ತಿದ್ದ ಹುಡುಗ, ಗೋಡೆ ನೋಡಲು ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಹತ್ತಡಿಯಿಂದ ಬಿದ್ದವನು ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ಆಗ ವೇಗ ಗಂಟೆಗೆ ಸುಮಾರು 28 ಕಿ.ಮೀ. ಕೈ ಚಾಚಿ ಏನನ್ನಾದರೂ ಹಿಡಿದುಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಹೆಲ್ಮೆಟ್, ಬೆಲ್ಟ್ ಎರಡನ್ನೂ ತಂದಿಟ್ಟಿದ್ದೆವು. ಬಳಸುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ನಾನೂ ಕಲಿಸಿರಲಿಲ್ಲ.

ದೊಡ್ಡ ಕಾಮಗಾರಿಗಳಲ್ಲಿ ಇದಕ್ಕೆಂದೇ ಸೇಫ್ಟಿ ಆಫೀಸರ್ ಇರುತ್ತಾರೆ. ಊರ ಕಡೆ ಮನೆ ಕಟ್ಟುವಲ್ಲಿ ಮೇಸ್ತ್ರಿಯೇ ಎಲ್ಲ. ಹಾಗಾಗಿ ಮೇಸ್ತ್ರಿಗಳು, ಸಣ್ಣ ಗುತ್ತಿಗೆದಾರರು, ಮನೆ ಕಟ್ಟಿಸುವವರು ಕೆಲಸಗಾರರಿಗೆ ಎತ್ತರದಿಂದ ಬೀಳದಂತೆ ತಾವೇ ತರಬೇತಿ ಕೊಡುವುದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೈಟ್ ಸುತ್ತಿ

ಭಾಷಣ ಬೇಡ. ಹೊಸಬರು ಬಂದ ದಿನ, ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಅರ್ಧ ಗಂಟೆ ಸಾಕು. ಎಲ್ಲರನ್ನೂ ಕರೆದುಕೊಂಡು ಸೈಟ್ ಸುತ್ತಿ. "ಇಲ್ಲಿ ಎಲ್ಲಿಂದ ಬೀಳಬಹುದು?" ಎಂದು ಅವರನ್ನೇ ಕೇಳಿ. ದಿನಾ ಓಡಾಡುವವರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು. ತಾರಸಿಯ ಅಂಚು, ಕಟಕಟೆ ಇಲ್ಲದ ಮೆಟ್ಟಿಲು, ಲಿಫ್ಟ್ ಗುಂಡಿ, ಮುಚ್ಚಳ ಹಾಕದ ಸಂಪ್, ದರೆ ಕಡಿದು ಮಟ್ಟ ಮಾಡಿದ ಜಾಗದ ತುದಿ. ತೋರಿಸಿದ ಜಾಗಕ್ಕೆಲ್ಲ ಕೆಂಪು ಬಣ್ಣ ಬಳಿಯಿರಿ.

"ಅರ್ಥ ಆಯ್ತಾ?" ಎಂದು ಕೇಳಬೇಡಿ. ಎಲ್ಲರೂ ಹ್ಞೂಂ ಅನ್ನುತ್ತಾರೆ. "ಎಲ್ಲಿ, ಒಂದ್ಸಲ ಮಾಡಿ ತೋರಿಸು ಮಾರಾಯ" ಅನ್ನಿ. ಬಿಹಾರ, ಒಡಿಶಾದಿಂದ ಬಂದವರಿದ್ದರೆ ಅವರ ಪೈಕಿ ಕನ್ನಡ ತಿಳಿದ ಒಬ್ಬನಿಂದ ಅವರ ಮಾತಿನಲ್ಲೇ ಹೇಳಿಸಿ.

ಬೆಲ್ಟ್ ಕೊನೆಯ ಆಸರೆ

ಇಡೀ ತರಬೇತಿಯಲ್ಲಿ ಒಂದೇ ವಿಷಯ ನೆನಪಿಡಿಸಬೇಕೆಂದರೆ ನಾನು ಆರಿಸುವುದು ಇದನ್ನು. ಮೊದಲ ಪ್ರಶ್ನೆ: ಈ ಕೆಲಸ ನೆಲದ ಮೇಲೆಯೇ ಮಾಡಬಹುದಾ? ಕಬ್ಬಿಣ ಕತ್ತರಿಸಿ ಬಗ್ಗಿಸುವುದು, ಹೆಂಚು ಕೂರಿಸುವ ರೀಪಿಗೆ ಬಣ್ಣ ಹೊಡೆಯುವುದು ಇವೆಲ್ಲ ಕೆಳಗೇ ಆಗುತ್ತವೆ. ಆಗದಿದ್ದರೆ ಎರಡನೆಯದು: ಅಂಚಿಗೆ ಅಡ್ಡ ಕಟ್ಟಬಹುದಾ? ಸುಮಾರು ಒಂದು ಮೀಟರ್ ಎತ್ತರಕ್ಕೆ ಒಂದು ಅಡ್ಡಗಂಬ, ನಡುವೆ ಇನ್ನೊಂದು, ಕೆಳಗೆ ಪಾದದ ಹತ್ತಿರ ಒಂದು ಹಲಗೆ. ತಾರಸಿಯಲ್ಲಿ ಬಿಟ್ಟ ಕಂಡಿಗಳಿಗೆ ಹಲಗೆ ಮುಚ್ಚಿ ಮೊಳೆ ಹೊಡೆಯಿರಿ. ಸುಮ್ನೆ ಇಟ್ಟ ಪ್ಲೈವುಡ್ಡನ್ನು ಯಾರೋ ಎತ್ತಿಕೊಂಡು ಹೋಗುತ್ತಾರೆ, ಹಿಂದೆ ಬಂದವನು ಕಂಡಿಯೊಳಗೆ ಬೀಳುತ್ತಾನೆ. ಈ ಎರಡೂ ಆಗದ ಕಡೆ ಮಾತ್ರ ಬೆಲ್ಟ್.

ಸೊಂಟಕ್ಕಷ್ಟೇ ಕಟ್ಟುವ ಬೆಲ್ಟ್ ಬೇಡ. ಬಿದ್ದಾಗ ಇಡೀ ಏಟು ಹೊಟ್ಟೆ, ಬೆನ್ನುಮೂಳೆಗೆ ಹೋಗುತ್ತದೆ. ಭುಜ, ಎದೆ, ತೊಡೆ ಎಲ್ಲಕ್ಕೂ ಪಟ್ಟಿ ಇರುವ, ಐಎಸ್‌ಐ ಗುರುತಿನ ಹಾರ್ನೆಸ್ ತನ್ನಿ. ಒಬ್ಬ ಹಾಕಿಕೊಳ್ಳಲಿ, ಇನ್ನೊಬ್ಬ ಪಟ್ಟಿಗಳನ್ನು ಮುಟ್ಟಿ ನೋಡಲಿ. ನಮ್ಮ ತೋಟಗಳಲ್ಲಿ ಕೊನೆಗೌಡ ಅಡಿಕೆ ಮರ ಹತ್ತುವ ಮುಂಚೆ ಕಾಲಿಗೆ ಹಾಕುವ ತಳೆಯನ್ನು ಎಳೆದು ನೋಡುತ್ತಾನಲ್ಲ, ಹಾಗೆ. ದಾರ ಬಿಚ್ಚಿದ್ದರೆ, ಕೊಕ್ಕೆ ತುಕ್ಕು ಹಿಡಿದಿದ್ದರೆ ಬಳಸಬೇಡಿ. ಒಮ್ಮೆ ಬಿದ್ದವನನ್ನು ತಡೆದ ಹಾರ್ನೆಸ್ ಮತ್ತೆ ಕೆಲಸಕ್ಕೆ ಬಾರದು, ಕತ್ತರಿಸಿ ಎಸೆಯಿರಿ.

ಇನ್ನು ಹಗ್ಗದ ಲೆಕ್ಕ. ಇದನ್ನು ಗೋಡೆಯ ಮೇಲೆ ಇದ್ದಿಲಲ್ಲಿ ಬರೆದೇ ತೋರಿಸಿ. ಹಾರ್ನೆಸ್ ಹಗ್ಗ 6 ಅಡಿ. ಏಟು ತಡೆಯುವ ಮಡಿಕೆ ಬಿಚ್ಚಿಕೊಂಡರೆ ಇನ್ನೂ 3.5 ಅಡಿ. ಹಗ್ಗ ಸಿಕ್ಕಿಸುವ ಬೆನ್ನಿನ ಬಳೆಯಿಂದ ಪಾದದವರೆಗೆ 5 ಅಡಿ. ಸುರಕ್ಷತೆಗೆಂದು ಪಾದದ ಕೆಳಗೆ ಇನ್ನೂ 3 ಅಡಿ ಖಾಲಿ ಜಾಗ ಬೇಕು. ಒಟ್ಟು 17.5 ಅಡಿ, ಅದೂ ಹಗ್ಗ ಕಟ್ಟಿದ ಜಾಗದಿಂದ ಕೆಳಕ್ಕೆ. ಅಂದರೆ ಹತ್ತಡಿಯ ತಾರಸಿಯಲ್ಲಿ ಕಾಲ ಹತ್ತಿರ ಹಗ್ಗ ಕಟ್ಟಿಕೊಂಡವನು, ಹಗ್ಗ ಬಿಗಿಯುವ ಮೊದಲೇ ನೆಲ ಸೇರಿರುತ್ತಾನೆ. ಅಲ್ಲಿ ಅಡ್ಡಗಂಬವೇ ಗತಿ. ಇಲ್ಲವೇ ಅಂಚಿಗೆ ಹೋಗಲು ಬಿಡದಷ್ಟು ಗಿಡ್ಡ ಹಗ್ಗ.

ಎಲ್ಲಿಗೆ ಕಟ್ಟಬೇಕು ಎನ್ನುವುದೂ ಅಷ್ಟೇ ಮುಖ್ಯ. ಅಮೆರಿಕದ ಸುರಕ್ಷಾ ನಿಯಮದಲ್ಲಿ ಒಬ್ಬ ಕೆಲಸಗಾರನಿಗೆ 5,000 ಪೌಂಡ್, ಅಂದರೆ ಸುಮಾರು 2,270 ಕೆ.ಜಿ. ಎಳೆತ ತಡೆಯುವ ಆಧಾರ ಬೇಕು. ಹಸಿ ಗೋಡೆ, ಕಿಟಕಿ ಚೌಕಟ್ಟು, ಸೆಂಟ್ರಿಂಗ್‌ಗೆ ಕೊಟ್ಟ ಬೊಂಬು ಇದಕ್ಕಾಗದು. ಗಟ್ಟಿಯಾದ ಕಾಂಕ್ರೀಟ್ ಕಂಬ, ತೊಲೆ ನೋಡಿ.

ಏಣಿ, ಸಾರುವೆ

ಏಣಿ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಗೋಡೆಯಿಂದ ದೂರ ಇರಲಿ. ಪರೀಕ್ಷೆ ಸುಲಭ: ಏಣಿಯ ಬುಡಕ್ಕೆ ಬೆರಳು ತಾಗಿಸಿ ನೆಟ್ಟಗೆ ನಿಂತು ಕೈ ಚಾಚಿದರೆ ಮೆಟ್ಟಿಲು ಅಂಗೈಗೆ ಸಿಗಬೇಕು. ಇಳಿಯುವ ಜಾಗಕ್ಕಿಂತ ಮೂರಡಿ ಮೇಲೆ ಏಣಿ ಚಾಚಿರಲಿ, ತುದಿ ಕಟ್ಟಿರಲಿ. ಎರಡು ಕೈ, ಎರಡು ಕಾಲು ಈ ನಾಲ್ಕರಲ್ಲಿ ಮೂರು ಸದಾ ಏಣಿಗೆ ಅಂಟಿರಬೇಕು. ಬಾಂಡ್ಲಿ ಹಿಡಿದು ಹತ್ತುವಂತಿಲ್ಲ, ಸಾಮಾನು ಹಗ್ಗದಲ್ಲಿ ಮೇಲೆ ಬರಲಿ.

ಸಾರುವೆಯನ್ನು ಪ್ರತಿ ಮಳೆಯ ಮರುದಿನ ನೋಡಲೇಬೇಕು. ನೆನೆದು ಒಣಗಿದ ನಾರಿನ ಹಗ್ಗ ಸಡಿಲವಾಗುತ್ತದೆ. ಕಂಬದ ಬುಡ ಮಣ್ಣಿನಲ್ಲಿ ಹೂತುಹೋಗುತ್ತದೆ, ಅಡಿಗೆ ಹಲಗೆ ಕೊಡಿ. ಒಂದೇ ಹಲಗೆಯ ಮೇಲೆ ಯಾರನ್ನೂ ನಿಲ್ಲಿಸಬೇಡಿ.

ಹೆಂಚು ಮತ್ತು ಶೀಟ್

ನಮ್ಮ ಕಡೆಯ ಅಪಾಯ ಇಲ್ಲೇ ಜಾಸ್ತಿ, ಅಲ್ವಾ? ಹಳೇ ಮನೆಯ ಮಾಡು ಹತ್ತುವ ಮೊದಲು ಒಳಗಿನಿಂದ ಪಕಾಸು, ರೀಪು ತಟ್ಟಿ ನೋಡಿ. ಗೆದ್ದಲು ತಿಂದ ಮರ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಪಾಚಿ ಹಿಡಿದ ಹೆಂಚಿನ ಮೇಲೆ ನೇರ ಕಾಲಿಡಬೇಡಿ. ಮಾಡಿನ ನೆತ್ತಿಯ ಆಚೆ ಬದಿಗೆ ಕಟ್ಟಿದ ಏಣಿಯನ್ನು ಹೆಂಚಿನ ಮೇಲೆ ಮಲಗಿಸಿ ಅದರ ಮೇಲೆ ನಡೆಯಿರಿ.

ಸಿಮೆಂಟ್ ಶೀಟ್ ಮನುಷ್ಯನ ಭಾರ ತಡೆಯುತ್ತದೆಂದು ನಂಬಲೇಬಾರದು. ಬೆಳಕಿಗೆಂದು ಹಾಕಿದ ಪ್ಲಾಸ್ಟಿಕ್ ಶೀಟ್ ಅಂತೂ ಧೂಳು, ಪಾಚಿ ಕೂತು ಉಳಿದವುಗಳ ಹಾಗೇ ಕಾಣುತ್ತದೆ. ಎರಡು ಮೂರು ಅಡ್ಡತೊಲೆಗಳನ್ನು ದಾಟುವಷ್ಟು ಉದ್ದದ ಹಲಗೆ ಹಾಸಿ, ಅದರ ಮೇಲಷ್ಟೇ ಓಡಾಡಿ. ಮಳೆ ಹನಿಯಲು ಶುರುವಾದರೆ ಇಳಿಯಿರಿ. ಉಳಿದ ಹತ್ತು ಹೆಂಚಿಗೆ ನಾಳೆ ಇದೆ.

ಬಿದ್ದರೆ

ಬಿದ್ದವನನ್ನು ಎತ್ತಿ ಕೂರಿಸಬೇಡಿ, ಬೈಕಿನ ಮೇಲೆ ಹಾಕಿಕೊಂಡು ಹೋಗಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಅಲುಗಾಡಿಸಿದ್ದರಿಂದಲೇ ಕಾಲಿನ ಶಕ್ತಿ ಹೋಗಬಹುದು. ತಲೆ, ಕುತ್ತಿಗೆ ಅಲುಗದಂತೆ ಹಿಡಿದು 108ಕ್ಕೆ ಫೋನ್ ಮಾಡಿ. ಹಾರ್ನೆಸ್‌ನಲ್ಲಿ ನೇತಾಡುತ್ತಿದ್ದರೆ ಮಾತ್ರ ಕಾಯಬೇಡಿ, ಕೆಲವೇ ನಿಮಿಷಗಳಲ್ಲಿ ಇಳಿಸಬೇಕು. ತೊಡೆಯ ಪಟ್ಟಿ ಬಿಗಿದು ರಕ್ತ ಕಾಲಲ್ಲೇ ನಿಂತು ಪ್ರಜ್ಞೆ ತಪ್ಪಬಹುದು. ಇಳಿಸಲು ಏಣಿ ಎಲ್ಲಿದೆ, ಯಾರು ತರಬೇಕು ಎಂದು ಮೊದಲೇ ಹಂಚಿಡಿ.

18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ತರಬೇತಿಯ ದಿನವೇ ಯಾರ ಹತ್ತಿರ ಮಂಡಳಿಯ ಕಾರ್ಡ್ ಇಲ್ಲವೆಂದು ಕೇಳಿ ಬರೆದುಕೊಳ್ಳಿ.

ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸುಮಾರು 60 ಕಿ.ಮೀ. ಆಗುಂಬೆ ಕಡೆಯಿಂದ ಇನ್ನೂ ದೂರ. ಹಾಗಾಗಿ ಮೊದಲ ದಿನವೇ ಊರಿನ ಹೆಸರು, ತಿರುಗಬೇಕಾದ ಕ್ರಾಸ್, ಗುರುತಿಗೆ ಶಾಲೆಯೋ ದೇವಸ್ಥಾನವೋ, ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಗೋಡೆ ಮೇಲೆ ಬರೆದಿಡಿ. ಕಾಡಿನ ನಡುವಿನ ಮನೆಯಾದರೆ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಹುಡುಕಿ, ಎಲ್ಲರನ್ನೂ ಅಲ್ಲಿಯವರೆಗೆ ನಡೆಸಿಕೊಂಡು ಹೋಗಿ ಜಾಗ ತೋರಿಸಿ ಬನ್ನಿ.