ಕಡಲ ಬದಿಯ ಐದು ದಿನ: ದೇಣಿಗೆಯ ಸೈಕಲ್ ಸವಾರಿಗೆ ಹೊರಡುವುದು ಹೇಗೆ?

ಸೈಕಲ್ ತುಳಿಯುವುದು ಇದರಲ್ಲಿ ಸುಲಭದ ಭಾಗ. ಕಷ್ಟದ್ದು ಪರಿಚಯದವರ ಮುಂದೆ ಕೈಯೊಡ್ಡುವುದು. ಒಳ್ಳೆಯ ಕೆಲಸವೊಂದಕ್ಕೆ ಹಣ ಕೂಡಿಸಲು ಕರಾವಳಿಯುದ್ದಕ್ಕೂ ನಾಲ್ಕೈದು ದಿನ ಸೈಕಲ್ ಹೊಡೆಯೋಣ ಎಂದು ಗುಂಪಿನಲ್ಲಿ ಮಾತು ಬಂದ ಕೂಡಲೇ ಎಲ್ಲರೂ ಫೋನಿನಲ್ಲಿ ಮ್ಯಾಪ್ ತೆರೆಯುತ್ತಾರೆ. ಮ್ಯಾಪ್ ಆಮೇಲೆ. ಮೊದಲು ಒಂದು ಲೆಕ್ಕದ ಪುಸ್ತಕ ತೆರೆಯಿರಿ.

ಮೊದಲು ಹಣದ ದಾರಿ

ಪುಸ್ತಕದಲ್ಲಿ ಎರಡು ಪುಟ ಬೇರೆ ಬೇರೆ ಇರಲಿ. ಒಂದರಲ್ಲಿ ಸವಾರಿಯ ಖರ್ಚು: ಊಟ, ತಂಗುವ ಜಾಗ, ಜೊತೆಗೆ ಬರುವ ವಾಹನ, ಟೈರು-ಟ್ಯೂಬು. ಇನ್ನೊಂದರಲ್ಲಿ ದೇಣಿಗೆ. ಎರಡನೇ ಪುಟದ ಒಂದು ಬಿಡಿಗಾಸೂ ಮೊದಲನೇ ಪುಟಕ್ಕೆ ಹೋಗಕೂಡದು. ಖರ್ಚನ್ನು ಸವಾರರೇ ಹಾಕಿಕೊಳ್ಳಬೇಕು, ಇಲ್ಲವೇ ಅದಕ್ಕೆಂದೇ ಪ್ರಾಯೋಜಕರನ್ನು ಹಿಡಿಯಬೇಕು. 'ನಾನು ಕೊಟ್ಟ ದುಡ್ಡಿನಲ್ಲಿ ನಿಮ್ಮ ರೂಮಿನ ಬಾಡಿಗೆ ಎಷ್ಟು?' ಎಂದು ದಾನಿಗಳು ಕೇಳಿಯೇ ಕೇಳುತ್ತಾರೆ. ಬಾಯಿಬಿಟ್ಟು ಕೇಳದವರು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಾರೆ, ಅದು ಇನ್ನೂ ಕೆಟ್ಟದ್ದು.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಪ್ರತಿವರ್ಷ ನಡೆಯುವ ಪ್ಯಾನ್-ಮ್ಯಾಸ್ ಚಾಲೆಂಜ್ ಎಂಬ ದೇಣಿಗೆಯ ಸೈಕಲ್ ಸವಾರಿ ಇದಕ್ಕೊಂದು ಮಾದರಿ. ಬಿಲ್ಲಿ ಸ್ಟಾರ್ ಎಂಬವರು 1980ರಲ್ಲಿ ಶುರುಮಾಡಿದಾಗ ಸವಾರರಿದ್ದದ್ದು 36 ಮಂದಿ. ಗುರಿ ಕಡಲೊಳಗೆ ಚಾಚಿಕೊಂಡ ಕೇಪ್ ಕಾಡ್ ಭೂಭಾಗದ ತುತ್ತತುದಿಯ ಪ್ರಾವಿನ್ಸ್‌ಟೌನ್. ಈಗ ಸಾವಿರಾರು ಜನ ತುಳಿಯುತ್ತಾರೆ. ಸವಾರರು ತಂದ ಹಣವೆಲ್ಲ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಹೋಗುತ್ತದೆ, ನಡೆಸುವ ಖರ್ಚು ನೋಂದಣಿ ಶುಲ್ಕದಿಂದ ಮತ್ತು ಪ್ರಾಯೋಜಕರಿಂದ ಬರುತ್ತದೆ. ನಿಮ್ಮದು ಹತ್ತು ಜನರ ತಂಡವಾದರೂ ಪದ್ಧತಿ ಇದೇ ಇರಲಿ.

ಹಣ ನಿಮ್ಮ ಖಾತೆಗೆ ಬರುವುದೇ ಬೇಡ. ನೋಂದಾಯಿತ ಸಂಸ್ಥೆಯೊಂದನ್ನು ಆರಿಸಿ, ಅದರ ಹೆಸರು ಬಳಸಲು ಬರವಣಿಗೆಯಲ್ಲಿ ಒಪ್ಪಿಗೆ ಪಡೆದು, ದಾನಿಗಳು ನೇರ ಅದರ ಖಾತೆಗೇ ಕಟ್ಟುವಂತೆ ಮಾಡಿ. ರಸೀದಿಯೂ ಅಲ್ಲಿಂದಲೇ ಹೋಗಲಿ.

ಇನ್ನು ಕಿಲೋಮೀಟರಿಗಿಷ್ಟು ಎಂದು ಮಾತು ಪಡೆಯುವ ಹಳೆಯ ರೂಢಿ. ಕೇಳಲು ಚೆಂದ, ನನಗೆ ಇಷ್ಟವಿಲ್ಲ. ಮೂರನೇ ದಿನ ಜ್ವರ ಬಂದವನು 'ನಾನು ನಿಂತರೆ ಅಷ್ಟು ಹಣ ಖೋತಾ' ಎಂದು ಮತ್ತೆ ಸೀಟು ಹತ್ತುತ್ತಾನೆ. ಬಿರುಗಾಳಿಗೆ ಒಂದು ದಿನ ರದ್ದಾದರೆ ಲೆಕ್ಕವೆಲ್ಲ ಕಲಸುಮೇಲೋಗರ. ಇಡೀ ಸವಾರಿಗೆ ಒಂದೇ ಮೊತ್ತ ಕೇಳಿ, ಅದೂ ಹೊರಡುವ ಮೊದಲೇ. ಎಲ್ಲರಿಗೂ ಒಂದೇ ಸಂದೇಶ ತೂರಿಬಿಟ್ಟರೆ ಯಾರಿಗೂ ತಟ್ಟುವುದಿಲ್ಲ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಮಾತಾಡಿಸಿ, ಇಂತಿಷ್ಟು ಎಂದು ಮೊತ್ತ ಹೇಳಿ, ಅದರಿಂದ ಏನಾಗುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ತಿಳಿಸಿ. ಪಟ್ಟಿಯ ಮೊದಲ ಹೆಸರು ನಿಮ್ಮದೇ ಇರಲಿ, ಕೈಬಿಚ್ಚಿ ಕೊಡಿ. ಹಿಂದಿನಿಂದ ಬರುವವರು ಆ ಅಂಕಿ ನೋಡಿಯೇ ತಮ್ಮದನ್ನು ಬರೆಯುತ್ತಾರೆ.

ಈಗ ಮ್ಯಾಪ್ ತೆರೆಯಿರಿ, ಆದರೆ ಗಾಳಿ ನೋಡಿ

ಕರಾವಳಿ ಎಂದರೆ ಸಮತಟ್ಟು ಎಂದುಕೊಂಡವರು ಮೊದಲ ದಿನವೇ ಮೋಸಹೋಗುತ್ತಾರೆ. ರಸ್ತೆ ಒಂದೊಂದು ಅಳಿವೆಗೂ ಇಳಿಯುತ್ತದೆ, ಒಂದೊಂದು ಗುಡ್ಡದ ಮೂಗನ್ನೂ ಹತ್ತುತ್ತದೆ. ಏರು ಸಣ್ಣದೇ, ಆದರೆ ದಿನಕ್ಕೆ ಇಪ್ಪತ್ತು ಸಲ ಬಂದರೆ ಬೆಟ್ಟ ಹತ್ತಿದ್ದಕ್ಕೇನೂ ಕಡಿಮೆಯಿಲ್ಲ.

ಅದಕ್ಕಿಂತ ದೊಡ್ಡ ಲೆಕ್ಕ ಗಾಳಿಯದು. ನೀವು ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದೀರಿ, ಎದುರಿಂದ 15 ಕಿ.ಮೀ. ಗಾಳಿ ಬೀಸುತ್ತಿದೆ ಎನ್ನಿ. ನಿಮ್ಮ ಎದೆಗೆ ಬಡಿಯುವ ಗಾಳಿಯ ವೇಗ 35. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಾಳಿಯಿಲ್ಲದ ದಿನಕ್ಕೆ ಹೋಲಿಸಿದರೆ ಅದು ಮೂರು ಪಟ್ಟು. ಹಾಗಾಗಿ ಆ ಋತುವಿನಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ತಿಳಿದುಕೊಂಡ ಮೇಲೆಯೇ ಎಲ್ಲಿಂದ ಎಲ್ಲಿಗೆ ಎಂದು ತೀರ್ಮಾನಿಸಿ. ಕ್ಯಾಲಿಫೋರ್ನಿಯಾ ತೀರದಲ್ಲಿ ಬೇಸಿಗೆಯ ಗಾಳಿ ವಾಯವ್ಯದ್ದು. ಅಲ್ಲಿ ಏಡ್ಸ್ ಸೇವಾನಿಧಿಗಾಗಿ ನಡೆಯುತ್ತಿದ್ದ ಏಡ್ಸ್‌ ಲೈಫ್‌ಸೈಕಲ್ ಸವಾರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು 7 ದಿನಗಳಲ್ಲಿ 545 ಮೈಲಿ, ಅಂದರೆ ಸುಮಾರು 877 ಕಿ.ಮೀ. ದೂರದ ಲಾಸ್ ಏಂಜಲೀಸ್ ಮುಟ್ಟುತ್ತಿತ್ತು. ಬಡಗಿನಿಂದ ತೆಂಕಿಗೆ, ಗಾಳಿಗೆ ಬೆನ್ನುಕೊಟ್ಟು.

ದಿನದೊಳಗೂ ಗಾಳಿಗೆ ವೇಳಾಪಟ್ಟಿಯಿದೆ. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಕಾದ ನೆಲದ ಮೇಲಿನ ಗಾಳಿ ಮೇಲೇರಿ, ಆ ಜಾಗಕ್ಕೆ ಕಡಲಿನ ತಂಪುಗಾಳಿ ನುಗ್ಗುತ್ತದೆ. ಬೆಳಗಿನ ಹತ್ತು-ಹನ್ನೊಂದರ ಹೊತ್ತಿಗೆ ಶುರುವಾಗಿ ಮಧ್ಯಾಹ್ನದ ನಂತರ ಜೋರಾಗುತ್ತದೆ, ಸಂಜೆಗೆ ಇಳಿಯುತ್ತದೆ. ಬೆಳಕು ಹರಿಯುತ್ತಲೇ ಪೆಡಲ್ ಮೇಲೆ ಕಾಲಿಟ್ಟು, ಊಟದ ಹೊತ್ತಿಗೆ ಆ ದಿನದ ಮುಕ್ಕಾಲು ದಾರಿ ಮುಗಿಸುವಂತೆ ಯೋಜಿಸಿ.

ಐದು ದಿನಕ್ಕೆ 80, 70, 45, 75, 50 ಕಿ.ಮೀ. ಎಂಬ ಹಂಚಿಕೆ ನನ್ನ ಆಯ್ಕೆ. ಮೂರನೇ ದಿನ ಬೇಕೆಂದೇ ಚಿಕ್ಕದು. ಮೊದಲ ದಿನದ ಉಮೇದು ಇಳಿದು, ಮುಗಿಯುವ ದಿನ ಇನ್ನೂ ದೂರವಿರುವ ದಿನ ಅದು. ಕೊನೆಯ ದಿನವೂ ಚಿಕ್ಕದೇ ಇರಲಿ, ಏಕೆಂದರೆ ಅಲ್ಲಿ ಸಂಸ್ಥೆಯವರು ಕಾಯುತ್ತಿರುತ್ತಾರೆ. ದೋಣಿ ಹಿಡಿದು ದಾಟುವ ಕಡವುಗಳಿದ್ದರೆ ಸಮಯ ಮೊದಲೇ ವಿಚಾರಿಸಿಕೊಳ್ಳಿ. ಪೊಲೀಸರಿಗೆ, ಸ್ಥಳೀಯ ಆಡಳಿತಕ್ಕೆ ತಿಳಿಸುವ ನಿಯಮ ಎಲ್ಲಿದೆಯೋ ಅಲ್ಲಿ ವಾರಗಳ ಮುಂಚೆಯೇ ಅರ್ಜಿ ಹಾಕಿ.

ಮೈಗೆ ಹನ್ನೆರಡು ವಾರ

ಹೊರಡಲು ಹನ್ನೆರಡು ವಾರ ಇರುವಾಗಲೇ ಅಭ್ಯಾಸ ಶುರುವಾಗಲಿ. ವಾರದಿಂದ ವಾರಕ್ಕೆ ದೂರವನ್ನು ಶೇ 10ರಷ್ಟು ಏರಿಸುತ್ತ ಹೋಗುವುದು ಹಳಬರ ಲೆಕ್ಕ. ಒಂದೇ ದಿನ ನೂರು ಹೊಡೆದೆ ಎಂಬ ಹೆಮ್ಮೆ ಇಲ್ಲಿ ಕೆಲಸಕ್ಕೆ ಬಾರದು. ನಿನ್ನೆ ತುಳಿದು ನೋಯುವ ಕಾಲಿನಲ್ಲಿ ಇವತ್ತೂ ತುಳಿಯಬಲ್ಲಿರಾ ಎಂಬುದೇ ಪರೀಕ್ಷೆ. ಶನಿವಾರ 50, ಭಾನುವಾರ 50 ಮಾಡಿ ನೋಡಿ.

ದೇಹದಲ್ಲಿ ಕೂಡಿಟ್ಟ ಸಕ್ಕರೆ ಜೋರು ಸವಾರಿಗೆ ಒಂದೂವರೆ-ಎರಡು ಗಂಟೆಗೆ ಸಾಕು. ಆಮೇಲೆ ಕಣ್ಣು ಮಂಕಾಗಿ ಕಾಲು ಸೀಸದಂತಾಗುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಹೋಗುತ್ತಿರಲಿ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಚಹಾದ್ದು, ನೆನಪಿರಲಿ.

ಪ್ಯಾಡ್ ಇರುವ ಚಡ್ಡಿಯೊಳಗೆ ಒಳಉಡುಪು ಹಾಕಬೇಡಿ, ಹೊಲಿಗೆ ಚರ್ಮ ಕೆರೆಯುತ್ತದೆ. ಎರಡು ಜೊತೆ ತನ್ನಿ, ದಿನಾ ಒಗೆಯಿರಿ. ಇಷ್ಟು ಹೇಳಿದರೂ ಪ್ರತಿ ತಂಡದಲ್ಲೂ ಒಬ್ಬರು ನಾಲ್ಕನೇ ದಿನ ಕುರ್ಚಿಯಲ್ಲಿ ಕೂರಲಾಗದೆ ನಿಂತೇ ಉಣ್ಣುತ್ತಾರೆ. ಸನ್‌ಸ್ಕ್ರೀನ್ ವಿಷಯದಲ್ಲಿ ನಾನೇ ಪಾಠ ಕಲಿತವನು. ಐದು ಬೆಳಗೂ ದಕ್ಷಿಣಕ್ಕೇ ತುಳಿದದ್ದರಿಂದ ಬಿಸಿಲೆಲ್ಲ ಎಡಗಡೆಗೇ. ಕೊನೆಗೆ ನನ್ನ ಎರಡು ತೋಳು ಇಬ್ಬರು ಬೇರೆ ಬೇರೆ ಮನುಷ್ಯರದ್ದೆಂಬಂತೆ ಕಾಣುತ್ತಿದ್ದವು, ಎಡಗಿವಿಯಂತೂ ಸಿಪ್ಪೆ ಎದ್ದಿತ್ತು.

ರಸ್ತೆಯ ಮೇಲೆ

ಎಂಟು-ಹತ್ತು ಜನರ ತಂಡ ಸಾಕು. ಹೆಚ್ಚಿದ್ದರೆ ಎರಡು ಗುಂಪು ಮಾಡಿ, ನಡುವೆ ಲಾರಿ-ಬಸ್ಸು ತೂರಿಕೊಳ್ಳಲು ಜಾಗ ಬಿಡಿ. ಮುಂದೊಬ್ಬ ದಾರಿ ಬಲ್ಲವರು, ಕಟ್ಟಕಡೆಗೆ ಒಬ್ಬ ಸ್ವೀಪ್, ಅಂದರೆ ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವವರು. ಸ್ವೀಪ್ ಆದವರು ಪಂಕ್ಚರ್ ಹಾಕಬಲ್ಲವರಾಗಿರಬೇಕು, ಅದಕ್ಕಿಂತ ಮುಖ್ಯವಾಗಿ ತಾಳ್ಮೆಯವರಾಗಿರಬೇಕು. ಸಪೋರ್ಟ್ ವಾಹನ ಸೈಕಲ್‌ಗಳ ಬೆನ್ನಿಗಂಟಿ ತೆವಳುವುದು ಬೇಡ. ಅದು 15 ಕಿ.ಮೀ. ಮುಂದೆ ಹೋಗಿ ನೀರು-ಹಣ್ಣು ಹರಡಿಕೊಂಡು ಕಾಯಲಿ.

ಎದುರುಗಾಳಿಯಲ್ಲಿ ಒಬ್ಬರ ಹಿಂದೊಬ್ಬರು ಹೋದರೆ ಹಿಂದಿನವರ ಶ್ರಮ ಚೆನ್ನಾಗಿ ತಗ್ಗುತ್ತದೆ. ಎರಡು-ಮೂರು ನಿಮಿಷಕ್ಕೊಮ್ಮೆ ಮುಂದಿನವರು ಬದಲಾಗಿ. ಅಡ್ಡಗಾಳಿಗೆ ರೇಸಿನವರು ಓರೆಯಾಗಿ ಸಾಲು ಹಾಕುತ್ತಾರಲ್ಲ, ಅದನ್ನು ವಾಹನ ಓಡಾಡುವ ರಸ್ತೆಯಲ್ಲಿ ಪ್ರಯೋಗಿಸಬೇಡಿ, ಇಡೀ ರಸ್ತೆ ತಿನ್ನುತ್ತದೆ. ಉದ್ದ ಸೇತುವೆಗಳ ಮೇಲೆ ಮೈಮರೆಯಬಾರದು. ಬಿಡುಗಾಳಿ ಪಕ್ಕದಿಂದ ನೂಕುತ್ತದೆ, ಕೆಳಗೆ ಸೇತುವೆಯ ಕಬ್ಬಿಣದ ಜೋಡಣೆಗಳ ಸಂದು. ಅದನ್ನು ನೇರವಾಗಿ ದಾಟಿ. ಓರೆಯಾದರೆ ಚಕ್ರ ಸಿಕ್ಕಿಕೊಳ್ಳುತ್ತದೆ. ತಿರುವಿನಲ್ಲಿ ಮರಳು ಕಂಡರೆ ಮೊದಲೇ ವೇಗ ಇಳಿಸಿ, ಮರಳಿನ ಮೇಲೆ ಬ್ರೇಕ್ ಮುಟ್ಟಬೇಡಿ.

ಉಪ್ಪಿನ ಜೊತೆ ಸಂಜೆಯ ಹತ್ತು ನಿಮಿಷ

ಒಂದು ರಾತ್ರಿ ಅಲೆಗಳ ಸದ್ದು ಕೇಳುವಷ್ಟು ಹತ್ತಿರ ತಂಗಿದ್ದೆವು. ದಣಿದಿದ್ದೆವು, ಸೈಕಲ್‌ಗಳನ್ನು ಹೊರಗೇ ಒರಗಿಸಿ ಮಲಗಿದೆವು. ಬೆಳಿಗ್ಗೆ ನೋಡಿದರೆ ನನ್ನ ಚೈನು ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಮೊದಲ ಸುತ್ತಿಗೆ ಹಳೆಯ ಕದದಂತೆ ಕಿರುಗುಟ್ಟಿತು, ಕೊಂಡಿಯೊಂದು ಬಿಗಿದುಕೊಂಡು ಗೇರು ತಾನಾಗಿ ಹಾರತೊಡಗಿತು.

ಅಂದಿನಿಂದ ಸ್ನಾನಕ್ಕೆ ಮೊದಲು ಸೈಕಲ್. ಸಿಹಿನೀರು ಹಾಕಿ ಉಪ್ಪು ತೊಳೆಯಿರಿ. ಪೈಪಿನ ರಭಸದ ನೀರು ಬೇರಿಂಗ್‌ಗೆ ಬೀಳದಿರಲಿ. ಬಟ್ಟೆಯಿಂದ ಒರೆಸಿ, ಒಣಗಿಸಿ, ಚೈನಿನ ಪ್ರತಿ ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದದ್ದನ್ನೆಲ್ಲ ಒರೆಸಿಬಿಡಿ. ಹೊರಗಿನ ಎಣ್ಣೆ ಮರಳನ್ನು ಹಿಡಿಯುವುದಕ್ಕೆ ಮಾತ್ರ ಉಪಯೋಗ. ಮರುದಿನ ಬ್ರೇಕ್ ಪ್ಯಾಡಿನಲ್ಲಿ ಮರಳಿನ ಕಣ ಹೂತಿದೆಯೇ ನೋಡಿ.

ಮುಗಿದ ಮೇಲೆ

ವಾರದೊಳಗೆ ಎರಡೂ ಪುಟದ ಲೆಕ್ಕವನ್ನು ಎಲ್ಲ ದಾನಿಗಳಿಗೆ ಕಳಿಸಿ. ಮಾತು ಕೊಟ್ಟು ಕಟ್ಟದವರಿಗೆ ಒಂದು ಸಲ, ಒಂದೇ ಸಲ, ನೆನಪಿಸಿ. ದಾರಿಯಲ್ಲಿ ಹಾದಿಹೋಕರು ಕೈಗಿತ್ತ ನೋಟುಗಳಿದ್ದರೆ ಅವನ್ನೂ ಎಣಿಸಿ ಬರೆದು ಸಂಸ್ಥೆಗೆ ಕಟ್ಟಿ.

ಆಮೇಲೆ ಸೈಕಲ್ಲಿನ ಸೀಟಿನ ಕಂಬ ಸಡಿಲಿಸಿ ಪೂರ್ತಿ ಹೊರಗೆಳೆಯಿರಿ. ಚೌಕಟ್ಟು ಉಕ್ಕಿನದು, ಕಂಬ ಅಲ್ಯುಮಿನಿಯಂನದು ಆಗಿದ್ದರೆ ನಡುವೆ ಸೇರಿದ ಉಪ್ಪುನೀರು ಅವೆರಡನ್ನೂ ಬೆಸುಗೆ ಹಾಕಿದಂತೆ ಕಚ್ಚಿಸುತ್ತದೆ. ಈ ವಾರ ಕೈಯಲ್ಲಿ ಬರುವುದು ಮುಂದಿನ ವರ್ಷ ಗರಗಸಕ್ಕೂ ಸುಲಭವಾಗಿ ಬರುವುದಿಲ್ಲ. ಒರೆಸಿ, ಗ್ರೀಸ್ ಹಚ್ಚಿ, ಮೊದಲಿನ ಎತ್ತರದ ಗುರುತಿಗೇ ಇಳಿಸಿ ಬಿಗಿ ಮಾಡಿ.