ಸೈಟ್ ಬಿದ್ದಾಗ ನಾನು ಆಳಂದದ ಮದುವೆಯಲ್ಲಿದ್ದೆ

ತೊಗರಿಗೆ ನೆಟೆ ರೋಗ ಬಿದ್ದು ಹೊಲಕ್ಕೆ ಹೊಲವೇ ಒಣಗಿದ್ದ ಡಿಸೆಂಬರ್ ಅದು. ಪರಿಹಾರ ಕೇಳಿ ಕಲಬುರಗಿಯಲ್ಲಿ ರೈತರು ಧರಣಿ ಕೂತಿದ್ದರು. ನಮ್ಮ ಸಣ್ಣ ಸುದ್ದಿ ಸೈಟ್ ದಿನಾ ಅದನ್ನೇ ಬರೆಯುತ್ತಿತ್ತು. ನಾವು ಆರು ಜನ, ಯಾರಿಗೂ ಸಂಬಳವಿಲ್ಲ. ಸರ್ವರ್ ಬಾಡಿಗೆಗೆ ಪಟ್ಟಿ ಹಾಕುತ್ತೇವೆ. ಸರ್ವರ್ ನೋಡಿಕೊಳ್ಳುವವನು ಆಗ ನಾನೊಬ್ಬನೇ.

ಆಳಂದದಲ್ಲಿ ಊಟದ ಪಂಕ್ತಿಗೆ ಕೂತಿದ್ದೆ, ಫೋನ್ ಬಂತು. "ಅಣ್ಣಾ, ಸೈಟ್ ಒಮ್ಮೆ ತೆರಿತದ, ಒಮ್ಮೆ 500 ಅಂತ ತೋರಸ್ಲತದ."

500 ಅಂದರೆ ಸರ್ವರಿನೊಳಗೇ ಏನೋ ಕೆಟ್ಟಿದೆ ಅಂತ. "ರೀಸ್ಟಾರ್ಟ್ ಮಾಡವಾ" ಅಂದುಬಿಟ್ಟೆ. ಲಾಗ್, ಅಂದರೆ ಸರ್ವರ್ ತಾನೇ ಬರೆದಿಡುವ ದಿನಚರಿ, ನೋಡದೆ ಹಾಗೆ ಹೇಳಬಾರದಿತ್ತು. ಕುಂಟುತ್ತಿದ್ದ ಡೇಟಾಬೇಸ್ ರೀಸ್ಟಾರ್ಟ್ ಆದಮೇಲೆ ಏಳಲೇ ಇಲ್ಲ. ರೀಸ್ಟಾರ್ಟ್ ಹೊರಗಿನಿಂದಲೇ ಆಗುತ್ತದೆ, ಒಳಹೊಕ್ಕು ನೋಡಲು ಡಿಜಿಟಲ್ ಕೀಲಿ ಬೇಕು. ಆ ಕೀಲಿ ಲ್ಯಾಪ್‌ಟಾಪಿನಲ್ಲಿ, ಲ್ಯಾಪ್‌ಟಾಪ್ ಕಲಬುರಗಿಯ ಮನೆಯಲ್ಲಿ, ಮನೆಯ ಕೀಲಿ ನನ್ನ ಕಿಸೆಯಲ್ಲಿ.

ಬಸ್ ಹಿಡಿದು ಮನೆ ಮುಟ್ಟುವಷ್ಟರಲ್ಲಿ ಮೂರು ತಾಸು ಹೋಗಿತ್ತು. ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ 'ಡಿಎಫ್' ಆಜ್ಞೆ ಕೊಟ್ಟು ನೋಡಿದರೆ ಡಿಸ್ಕ್ ಅರ್ಧ ಕೂಡ ತುಂಬಿಲ್ಲ. ಲಾಗಿನಲ್ಲಿ ಮಾತ್ರ ಸಾಲಿಗೆ ಸಾಲು 'ನೋ ಸ್ಪೇಸ್ ಲೆಫ್ಟ್', ಜಾಗ ಉಳಿದಿಲ್ಲ ಅಂತ. ಅರ್ಧ ತಾಸು ತಲೆ ಕೆರೆದುಕೊಂಡೆ. ಕೊನೆಗೆ ಅದೇ ಆಜ್ಞೆಗೆ 'ಐ' ಸೇರಿಸಿದಾಗ ಗೊತ್ತಾಯಿತು: ಐನೋಡ್ 100 ಶೇಕಡಾ. ಪ್ರತಿ ಫೈಲಿಗೂ ಒಂದು ಐನೋಡ್ ಬೇಕು, ನಮ್ಮಂಥ ಸರ್ವರಿನಲ್ಲಿ ಅವುಗಳ ಲೆಕ್ಕ ಡಿಸ್ಕ್ ಫಾರ್ಮ್ಯಾಟ್ ಮಾಡುವಾಗಲೇ ಗೊತ್ತುಮಾಡಿರುತ್ತದೆ. ನಮ್ಮ 25 ಜಿಬಿ ಡಿಸ್ಕಿಗೆ ಸುಮಾರು 16 ಲಕ್ಷ. ಗಂಜ್‌ನ ಗೋದಾಮು ಖಾಲಿ ಇದ್ದರೂ ರಿಜಿಸ್ಟರಿನ ಹಾಳೆ ಮುಗಿದರೆ ಚೀಲ ಇಳಿಸಿಕೊಳ್ಳುತ್ತಾರೇನು? ಹಾಗೆ.

ಹಾಳೆ ತಿಂದದ್ದು ಕ್ಯಾಶ್, ಅಂದರೆ ಪುಟ ಬೇಗ ತೆರೆಯಲಿ ಅಂತ ಸರ್ವರ್ ತಯಾರಿಸಿಟ್ಟುಕೊಳ್ಳುವ ಪ್ರತಿಗಳು. ಫೇಸ್‌ಬುಕ್ಕಿನಿಂದ ಬರುವ ಲಿಂಕಿನ ಬಾಲಕ್ಕೆ 'ಎಫ್‌ಬಿಕ್ಲಿಡ್' ಅಂತ ಒಂದು ಉದ್ದನೆಯ ಗುರುತು ಅಂಟಿಕೊಂಡಿರುತ್ತದೆ, ಕ್ಲಿಕ್ಕಿಗೊಂದು ಬೇರೆ. ನಾನು ಇಟ್ಟಿದ್ದ ಸೆಟ್ಟಿಂಗಿನಲ್ಲಿ ಕ್ಯಾಶ್ ಪ್ರತಿಯೊಂದನ್ನೂ ಹೊಸ ಪುಟ ಅಂತ ತಿಳಿದು ಹೊಸ ಫೈಲ್ ಬರೆದಿಡುತ್ತಿತ್ತು. ತಿಂಗಳುಗಟ್ಟಲೆ ಕೂಡಿದ್ದಕ್ಕೆ ತೊಗರಿ ಸುದ್ದಿಯ ಓದುಗರು ಬಂದು ಸೇರಿದರು, ಅಷ್ಟೇ. ಒಮ್ಮೆಲೇ ಅಳಿಸಲು ಹೋದರೆ 'ಪಟ್ಟಿ ಬಹಳ ಉದ್ದ ಆಯಿತು' ಅಂತ ಅದೂ ನಿರಾಕರಿಸಿತು; ಫೈಲುಗಳನ್ನು ಒಂದೊಂದಾಗಿ ಹುಡುಕುವ 'ಫೈಂಡ್' ಆಜ್ಞೆ ಹಚ್ಚಿ ಅಳಿಸಿದೆ. ಇಪ್ಪತ್ತು ನಿಮಿಷದಲ್ಲಿ ಡೇಟಾಬೇಸ್ ಎದ್ದಿತು. ಬ್ಯಾಕಪ್ ಕೂಡ ಅದೇ ಡಿಸ್ಕಿನಲ್ಲಿತ್ತು ಅನ್ನುವುದನ್ನು ಹೇಳಲು ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಧರಣಿಯಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ಸಂಜೆ ಅಲ್ಲಿಗೆ ಹೋದರೆ ಕಾಕಾ ಒಬ್ಬರು ಫೋನ್ ಮುಂದೆ ಹಿಡಿದು ಕೇಳಿದರು: "ನಮ್ ಸುದ್ದಿ ಯಾರರೆ ಬಂದ್ ಮಾಡ್ಸ್ಯಾರೇನ್ರಿ?" ಇಲ್ಲ ಕಾಕಾ, ನಮ್ಮದೇ ತಪ್ಪು ಅಂದರೂ ನಂಬಿದ ಹಾಗೆ ಕಾಣಲಿಲ್ಲ. ಅವರನ್ನು ದೂರಲಾರೆ. 2004ರ ಅಕ್ಟೋಬರಿನಲ್ಲಿ ಸ್ವತಂತ್ರ ಸುದ್ದಿ ಸೈಟುಗಳ ಜಾಲವಾದ ಇಂಡಿಮೀಡಿಯಾದ ಲಂಡನ್ ಸರ್ವರ್‌ಗಳು ಕಾನೂನು ಆದೇಶದ ಮೇಲೆ ಕೈತಪ್ಪಿ, ಹಲವು ದೇಶಗಳ ಸೈಟುಗಳು ಒಟ್ಟಿಗೇ ಬಂದಾಗಿದ್ದವು. ಹಾಗೂ ಆಗುತ್ತದೆ. ಮೂರು ತಾಸು ನಾವು ಒಂದು ಸಾಲೂ ಹೇಳದೆ ಇದ್ದದ್ದು ಮಾತ್ರ ಸೈಟ್ ಬಿದ್ದದ್ದಕ್ಕಿಂತ ದೊಡ್ಡ ತಪ್ಪು.

ಈಗ ಸೈಟ್ ಬಿದ್ದರೆ ಮೊದಲು ವಾಟ್ಸ್ಯಾಪ್ ಗ್ರೂಪುಗಳಿಗೆ 'ಬಿದ್ದಿದೆ, ನೋಡುತ್ತಿದ್ದೇವೆ' ಅಂತ ಒಂದು ಸಾಲು ಹೋಗುತ್ತದೆ, ರಿಪೇರಿ ಆಮೇಲೆ. ಬೀದರ್ ಮತ್ತು ಯಾದಗಿರಿಯ ಗೆಳೆಯರಿಗೆ ಅವರವರದೇ ಕೀಲಿ ಮಾಡಿಕೊಟ್ಟಿದ್ದೇನೆ. ಒಂದನ್ನೇ ಹಂಚಿಕೊಂಡರೆ ಯಾರು ಏನು ಮಾಡಿದರು ತಿಳಿಯುವುದಿಲ್ಲ. ಬ್ಯಾಕಪ್ ಬೇರೆ ಕಂಪನಿಯಲ್ಲಿದೆ. ಐನೋಡ್ 80 ಶೇಕಡಾ ದಾಟಿದರೆ ಮೂವರಿಗೂ ಮೆಸೇಜ್.

ಡೊಮೈನ್, ಅಂದರೆ ಸೈಟಿನ ವಿಳಾಸ, ಮಾತ್ರ ಇನ್ನೂ ನನ್ನ ಹೆಸರಿನಲ್ಲೇ ಇದೆ, ಓಟಿಪಿ ಬರುವುದೂ ನನ್ನ ಫೋನಿಗೇ. ರಿನ್ಯೂವಲ್ ಮಾರ್ಚ್‌ಗೆ. ಬೀದರಿನ ಹುಡುಗಿ ವಾರಕ್ಕೊಮ್ಮೆ ನೆನಪಿಸುತ್ತಾಳೆ, "ಅಣ್ಣಾ, ಮತ್ತ್ಯಾವ್ದರೆ ಮದುವಿ ಅದೇನು?"